ಶಿಲಾತೋರಣದ ದಾರಿಯಲ್ಲಿ

ಹಿರಿಯರು ಇರುವಲ್ಲಿ ಕಿರಿಯರು ಬಾಯಿ ತೆರೆಯಬಾರದು ಎಂಬುದು ನಾವು ಮಠದ ಪಾಠಶಾಲೆಯಲ್ಲಿ ಕಲಿತ ಮೊದಲ ಪಾಠಗಳಲ್ಲಿ ಒಂದು. ಎಂಟನೆಯ ವಯಸ್ಸಿನಲ್ಲಿ ಅಲ್ಲಿಗೆ ಸೇರಿದ ನಾವು ಆ ಪಾಠವನ್ನು ಮುಂದೆ ಅಧ್ಯಾಪಕರಾದಾಗ ತರಗತಿಯಲ್ಲಿಯೂ, ಗೃಹಸ್ಥರಾದಾಗ ಮನೆಯಲ್ಲಿಯೂ ತಪ್ಪದೆ ನಡೆಸಿಕೊಂಡು ಬಂದೆವು. ಅದರಲ್ಲಿ ಅರ್ಧ ಮಾತ್ರ ಸರಿಯೆಂಬುದು ನಮಗೆ ಮನವರಿಕೆಯಾದದ್ದು ಅರವತ್ತನಾಲ್ಕನೆಯ ವಯಸ್ಸಿನಲ್ಲಿ. ಅದೂ ಗ್ರಂಥದಿಂದಲ್ಲ, ನಮ್ಮ ಊರಿನಿಂದ ಸಾವಿರಾರು ಮೈಲಿ ದೂರದ ಮರುಭೂಮಿಯ ಬಂಡೆಯೊಂದರ ಮೇಲೆ, ಹನ್ನೊಂದು ವರ್ಷದ ಮೊಮ್ಮಗನಿಂದ. ಆ ಸಂಗತಿಯನ್ನು ವಾಚಕರ ಮುಂದಿಡುವುದು ಈ ಬರಹದ ಉದ್ದೇಶ.

2022ರ ಜೂನ್ ತಿಂಗಳಲ್ಲಿ ನಾವು ನಮ್ಮ ಮನೆಯವರೊಡನೆ ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಮಕ್ಕಳಿಗೆ ಶಾಲೆಯ ರಜೆ. ಆರ್ಚಸ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ ಬರೋಣವೆಂದು ಮಗ ಹೇಳಿದಾಗ ನಾವು ಹೂದೋಟವೆಂದೇ ತಿಳಿದಿದ್ದೆವು. ಕಾರಿನಲ್ಲಿ ನಾಲ್ಕು ತಾಸು ದಕ್ಷಿಣ ದಿಕ್ಕಿಗೆ ಸಾಗಿ, ಮೋಆಬ್ ಎಂಬ ಚಿಕ್ಕ ಊರಿನಲ್ಲಿ ರಾತ್ರಿ ತಂಗಿ, ಮರುದಿನ ಮುಂಜಾನೆ ಉದ್ಯಾನದ ದ್ವಾರವನ್ನು ದಾಟಿದಾಗ ಕಂಡದ್ದು ಹೂವಲ್ಲ, ಕಲ್ಲು. ಕಣ್ಣು ಹಾಯುವವರೆಗೂ ಕೆಂಪು ಮರಳುಗಲ್ಲು. ಕೆಲವು ಕೋಟೆಯ ಗೋಡೆಗಳಂತೆ ನೆಟ್ಟಗೆ ನಿಂತಿವೆ, ಕೆಲವು ಕಂಬಗಳಂತಿವೆ, ಕೆಲವಕ್ಕೆ ನಡುವೆ ತೂತು ಬಿದ್ದು ಆಚೆಯ ಆಕಾಶ ಕಾಣುತ್ತದೆ.

ನಾವು ಬಾದಾಮಿಯ ಸೀಮೆಯವರು. ಕೆಂಪು ಮರಳುಗಲ್ಲನ್ನು ನೋಡುತ್ತಲೇ ಬೆಳೆದವರು. ಆದ್ದರಿಂದ ಆ ಬಣ್ಣವನ್ನು ಕಂಡೊಡನೆ ಪರದೇಶದಲ್ಲಿ ನೆಂಟರನ್ನು ಕಂಡಂತಾಯಿತು. ಆದರೆ ನಮ್ಮ ಬಾದಾಮಿಯ ಕಲ್ಲಿನ ಬುಡದಲ್ಲಿ ಅಗಸ್ತ್ಯತೀರ್ಥದ ನೀರಿದೆ, ಗುಡಿಯಿದೆ, ಮನುಷ್ಯನ ಉಳಿಯ ಗುರುತಿದೆ. ಇಲ್ಲಿ ಉಳಿ ಹಿಡಿದವರು ಯಾರೂ ಇಲ್ಲ. ಸುಮಾರು 310 ಚದರ ಕಿಲೋಮೀಟರು ವಿಸ್ತಾರದ ಈ ಪ್ರದೇಶದಲ್ಲಿ 2,000ಕ್ಕೂ ಹೆಚ್ಚು ನೈಸರ್ಗಿಕ ಕಮಾನುಗಳಿವೆ. ತಿರುಮಲೆಯ ಬೆಟ್ಟದಲ್ಲಿ ಶಿಲಾತೋರಣವನ್ನು ನೋಡಿದ ಯಾತ್ರಿಕರು, ಅಂಥವು ಎರಡು ಸಾವಿರ ಒಂದೆಡೆ ನೆರೆದಿವೆಯೆಂದು ಕಲ್ಪಿಸಿಕೊಳ್ಳಬಹುದು. ಅಮೆರಿಕ ಸರ್ಕಾರವು 1929ರಲ್ಲಿ ಈ ಸ್ಥಳವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿ, 1971ರಲ್ಲಿ ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡಿತು.

ಮಗನ ಯೋಜನೆ ಸ್ಪಷ್ಟವಾಗಿತ್ತು. ಬಿಸಿಲು ಏರುವ ಮೊದಲೇ ಡೆಲಿಕೇಟ್ ಆರ್ಚ್ ಎಂಬ ಅತ್ಯಂತ ಪ್ರಸಿದ್ಧ ಕಮಾನಿನವರೆಗೆ ನಡೆದು ಹೋಗಿ ಬರುವುದು. ಉಳಿದುದನ್ನು ಆಮೇಲೆ ಕಾರಿನಿಂದಲೇ ನೋಡುವುದು. ಆ ಕಮಾನಿಗೆ ಹೋಗಿಬರಲು 3 ಮೈಲಿ, ಎಂದರೆ ಸುಮಾರು 4.8 ಕಿಲೋಮೀಟರು ನಡಿಗೆ. ಸುಮಾರು 500 ಅಡಿ ಏರು. ಆದರೆ ದಾರಿಯಲ್ಲಿ ತೂಗುಬಂಡೆಯೊಂದು ಕಾಣಿಸಿದಾಗ ಕಾರು ನಿಲ್ಲಿಸಲೇಬೇಕೆಂದು ನಾವು ಹಟ ಹಿಡಿದೆವು. ನೆಲದಿಂದ ತುದಿಯವರೆಗೆ 128 ಅಡಿ ಎತ್ತರ. ಸಣ್ಣ ಕತ್ತಿನ ಮೇಲೆ ದೊಡ್ಡ ತಲೆಯನ್ನಿಟ್ಟಂತೆ ನಿಂತಿದೆ. ಅದರ ಪಕ್ಕದಲ್ಲಿ ಅಂಥದೇ ಚಿಕ್ಕ ಬಂಡೆಯೊಂದಿದ್ದು, 1975-76ರ ಚಳಿಗಾಲದಲ್ಲಿ ಉರುಳಿಬಿದ್ದಿತಂತೆ. ಅದನ್ನು ಸುತ್ತಿ, ನಿಂತು, ಮತ್ತೆ ಸುತ್ತಿ, ಅಲ್ಲಿಂದ ಮುಂದೆ ಇನ್ನೆರಡು ಕಡೆ ನಿಲ್ಲಿಸಿ, ಸುಮಾರು ಎರಡೂವರೆ ತಾಸು ಕಳೆದೆವು. ಮಗ ಎರಡು ಸಲ ಗಡಿಯಾರ ನೋಡಿದ. ಆದರೆ ನಾವೇ ಬೆಳೆಸಿದ ಮಗನಾದ್ದರಿಂದ ಏನೂ ಹೇಳಲಿಲ್ಲ.

ತೂಗುಬಂಡೆಯ ಬಳಿ ಇನ್ನೊಂದು ಸಂಗತಿ ನಡೆಯಿತು. ಕಾಲುದಾರಿಯಿಂದ ನಾಲ್ಕು ಹೆಜ್ಜೆ ಆಚೆ ಹಳದಿ ಹೂವಿನ ಗಿಡವೊಂದಿತ್ತು. ಮರುದಿನದ ಪೂಜೆಗೆ ಎರಡು ಹೂವಾದವು ಎಂದುಕೊಂಡು ನಾವು ದಾರಿ ಬಿಟ್ಟು ಇಳಿದೆವು. ಒಡನೆಯೇ ಹಿಂದಿನಿಂದ ಮೊಮ್ಮಗ ಕೂಗಿದ: “ಅಜ್ಜಾ, ಅಲ್ಲಿ ಕಾಲಿಡಬ್ಯಾಡ್ರಿ! ನಿಲ್ರಿ!”

ಸುತ್ತಲಿದ್ದವರೆಲ್ಲ ತಿರುಗಿ ನೋಡಿದರು. ನಮಗೆ ಮುಖ ಕೆಂಪಾಯಿತು. “ಹಿರ್ಯಾರಿಗೆ ಹೀಂಗ ಒದರತಾರೇನು? ಇದನ್ನ ಕಲಿಸ್ಯಾರೇನು ನಿನ್ನ ಸಾಲ್ಯಾಗ?” ಎಂದು ಎಲ್ಲರೆದುರಿಗೇ ಗದರಿದೆವು. ಹುಡುಗನು ತಲೆ ತಗ್ಗಿಸಿದ. ಸೊಸೆ ಮೆಲ್ಲಗೆ, “ಮಾವಾರ, ಅಂವ ಹೇಳಿದ್ದು ಖರೆ ಅದರಿ. ಅಲ್ಲಿ ಮಣ್ಣ ತುಳೀಬಾರದು” ಎಂದು ವಿವರಿಸಿದಳು.

ಅಲ್ಲಿಯ ಮಣ್ಣಿನ ಮೇಲೆ ಕಪ್ಪಗೆ, ಉಬ್ಬುಉಬ್ಬಾಗಿ ಸುಟ್ಟ ರೊಟ್ಟಿಯ ಮೈಯಂತೆ ಒಂದು ಪದರವಿದೆ. ಅದು ಸತ್ತ ಮಣ್ಣಲ್ಲ. ಸಯಾನೋಬ್ಯಾಕ್ಟೀರಿಯಾ ಎಂಬ ಕಣ್ಣಿಗೆ ಕಾಣದ ಜೀವಿಗಳು, ಕಲ್ಲುಹೂವು, ಪಾಚಿ ಇವೆಲ್ಲ ಕೂಡಿ ಹೆಣೆದ ಜೀವಂತ ಚರ್ಮ. ಗಾಳಿಗೆ ಮರಳು ಹಾರಿಹೋಗದಂತೆ ಹಿಡಿದಿಡುವುದು, ಬಿದ್ದ ಮಳೆಯನ್ನು ಹೀರಿಕೊಳ್ಳುವುದು, ಗಾಳಿಯಲ್ಲಿರುವ ಸಾರಜನಕವನ್ನು ಗಿಡಗಳಿಗೆ ಗೊಬ್ಬರವಾಗಿ ಒದಗಿಸುವುದು ಎಲ್ಲವೂ ಅದರ ಕೆಲಸ. ಒಂದು ಹೆಜ್ಜೆಗೆ ಅದು ಪುಡಿಯಾಗುತ್ತದೆ. ಮತ್ತೆ ಕೂಡಿಕೊಳ್ಳಲು ಹಲವು ವರ್ಷ, ಕೆಲವೆಡೆ ದಶಕಗಳೇ ಬೇಕು. ಹೂವು ಕೀಳುವುದಂತೂ ಅಲ್ಲಿ ನಿಷಿದ್ಧ. ಮೊಮ್ಮಗ ಹಿಂದಿನ ವರ್ಷ ಅದೇ ರಾಜ್ಯದ ಬ್ರೈಸ್ ಕಣಿವೆಯ ಉದ್ಯಾನದಲ್ಲಿ, ಅಲ್ಲಿಯ ಅಧಿಕಾರಿಗಳು ಮಕ್ಕಳಿಗೆ ಕೊಡುವ ಪುಸ್ತಕವನ್ನು ತುಂಬಿ, ಬಲಗೈ ಎತ್ತಿ ನಿಸರ್ಗವನ್ನು ಕಾಯುವೆನೆಂದು ಪ್ರತಿಜ್ಞೆ ಮಾಡಿ, ಎದೆಗೆ ಬಿಲ್ಲೆ ಹಾಕಿಸಿಕೊಂಡಿದ್ದನು. ಅವನ ಪಾಲಿಗೆ ಅದು ದೀಕ್ಷೆಯೇ. ಅವನು ತನ್ನ ವ್ರತವನ್ನು ಪಾಲಿಸಿದ್ದನು. ನಾವು ದಯೆಯ ಮೇಲೆ ನೂರಾರು ಉಪನ್ಯಾಸ ಮಾಡಿದವರು, ಜೀವರಾಶಿಯನ್ನು ತುಳಿದು ದೇವರಿಗೆ ಹೂವು ಕೀಳಹೊರಟಿದ್ದೆವು. ಇದೆಲ್ಲ ಅರ್ಥವಾದರೂ, ‘ಹೇಳುವ ರೀತಿ ಬೇರೆ ಇರಬೇಕಾಗಿತ್ತು’ ಎಂದು ಮನಸ್ಸಿನಲ್ಲಿ ವಾದ ಹೂಡಿ ಸುಮ್ಮನಾದೆವು. ಹುಡುಗನಿಗೆ ಒಂದು ಒಳ್ಳೆಯ ಮಾತು ಹೇಳಲಿಲ್ಲ.

ನಡಿಗೆ ಆರಂಭವಾಗುವ ಸ್ಥಳವನ್ನು ಮುಟ್ಟಿದಾಗ ಹನ್ನೊಂದು ಗಂಟೆ ಸಮೀಪಿಸಿತ್ತು. ಅಲ್ಲಿ ಮರದ ದಿಮ್ಮಿಗಳ ಒಂದು ಹಳೆಯ ಗುಡಿಸಲಿದೆ. ಅಮೆರಿಕದ ಅಂತರ್ಯುದ್ಧದಲ್ಲಿ ಕಾಲಿಗೆ ಪೆಟ್ಟು ತಿಂದಿದ್ದ ಜಾನ್ ವೆಸ್ಲಿ ವುಲ್ಫ್ ಎಂಬವನು 1898ರಲ್ಲಿ ಓಹಾಯೋದಿಂದ ಮಗನೊಡನೆ ಇಲ್ಲಿಗೆ ಬಂದು ದನ ಸಾಕಿಕೊಂಡಿದ್ದನು. ಕೆಲವು ವರ್ಷಗಳ ನಂತರ ಮಗಳು ಸಂಸಾರಸಮೇತ ಬಂದವಳು ತಂದೆಯ ವಾಸಸ್ಥಿತಿಯನ್ನು ಕಂಡು ಗಾಬರಿಯಾಗಿ, ಮರದ ನೆಲಹಾಸು ಇರುವ ಹೊಸ ಮನೆಯನ್ನು ಕಟ್ಟಿಸಲೇಬೇಕೆಂದಳು. ಆ ಮುದುಕನು ಕಟ್ಟಿಸಿದನು. ಇಂದು ನಿಂತಿರುವ ಗುಡಿಸಲು ಅದೇ. 1910ರಲ್ಲಿ ಆ ಕುಟುಂಬ ಓಹಾಯೋಗೆ ಮರಳಿತು. ಹೋಗುವಾಗ ಈ ಕಥೆಯನ್ನು ನಾವು ಕೇವಲ ಕುತೂಹಲದಿಂದ ಕೇಳಿದೆವು.

ಮಗ ಪ್ರತಿಯೊಬ್ಬರ ಕೈಗೂ ನೀರಿನ ಬಾಟಲಿ ಕೊಟ್ಟು, ಇನ್ನಷ್ಟು ನೀರನ್ನು ತನ್ನ ಬೆನ್ನಿನ ಚೀಲಕ್ಕೆ ಹಾಕಿಕೊಂಡನು. ಆ ದಾರಿಯಲ್ಲಿ ಎಲ್ಲಿಯೂ ಕುಡಿಯುವ ನೀರಿಲ್ಲ. ಒಬ್ಬರಿಗೆ ದಿನಕ್ಕೆ ಸುಮಾರು 4 ಲೀಟರು ಬೇಕೆಂದು ಉದ್ಯಾನದವರು ಹೇಳುತ್ತಾರೆ. “ಅಪ್ಪಾ, ಬಾಯಾರಿಕಿ ಆಗಲಿ ಬಿಡಲಿ, ಕಾಲು ತಾಸಿಗೊಮ್ಮೆ ಕುಡೀರಿ” ಎಂದು ಮಗ ಹೇಳಿದ. “ಶಿವರಾತ್ರಿಗೆ ಹನಿ ನೀರಿಲ್ಲದ ಇದ್ದವರು ನಾವು” ಎಂದು ನಕ್ಕೆವು. ಟೊಪ್ಪಿಗೆಯನ್ನೂ ಬೇಡವೆಂದೆವು.

ಚಿಕ್ಕ ಸೇತುವೆಯೊಂದನ್ನು ದಾಟಿದರೆ ಬಂಡೆಯ ಮೈಮೇಲೆ ಯೂಟ್ ಬುಡಕಟ್ಟಿನವರು ಕೊರೆದ ಚಿತ್ರಗಳಿವೆ: ಕುದುರೆ ಸವಾರರು, ಕಾಡುಕುರಿಗಳು, ನಾಯಿಯಂಥ ಪ್ರಾಣಿಗಳು. ಅಲ್ಲಿಂದ ಮುಂದೆ ಸ್ವಲ್ಪ ದೂರ ಮಣ್ಣಿನ ದಾರಿ. ಆಮೇಲೆ ದಾರಿಯೇ ಇಲ್ಲ. ಆನೆಯ ಬೆನ್ನಿನಂಥ ಬೋಳುಬಂಡೆ ಓರೆಯಾಗಿ ಮೇಲೇರುತ್ತದೆ. ಅಲ್ಲಲ್ಲಿ ಒಟ್ಟಿದ ಕಲ್ಲುಗುಪ್ಪೆಗಳೇ ದಾರಿಯ ಗುರುತು. ಒಂದು ಎಲೆಯ ನೆರಳಿಲ್ಲ. ಮೇಲಿನಿಂದ ಸೂರ್ಯ, ಕೆಳಗಿನಿಂದ ಕಾದ ಕಲ್ಲು. ರೊಟ್ಟಿಯ ಹೆಂಚಿನ ಮೇಲೆ ನಡೆದಂತೆ. ದೂರದಲ್ಲಿ ಲಾ ಸಾಲ್ ಪರ್ವತಗಳ ನೆತ್ತಿ ಕಾಣುತ್ತಿತ್ತು.

ಏರುತ್ತ ಮಗ ಈ ಕಲ್ಲುಗಳ ಕಥೆ ಹೇಳಿದನು. 30 ಕೋಟಿ ವರ್ಷಗಳ ಹಿಂದೆ ಇಲ್ಲಿ ಸಮುದ್ರವಿದ್ದು, ಅದು ಮತ್ತೆ ಮತ್ತೆ ಒಣಗಿ ಸಾವಿರಾರು ಅಡಿ ದಪ್ಪದ ಉಪ್ಪಿನ ಪದರವನ್ನು ಬಿಟ್ಟುಹೋಯಿತು. ಅದರ ಮೇಲೆ ಮರಳು, ಮಣ್ಣು ಕೂಡಿ ಕಲ್ಲಾದವು. ಉಪ್ಪು ಭಾರವನ್ನು ತಡೆಯಲಾರದೆ ಮೆಲ್ಲಗೆ ಹರಿದು, ಕೆಲವೆಡೆ ಉಬ್ಬಿ, ಕೆಲವೆಡೆ ಕುಸಿದಾಗ ಮೇಲಿನ ಕಲ್ಲು ಸಾಲುಸಾಲಾಗಿ ಬಿರುಕು ಬಿಟ್ಟಿತು. ಬಿರುಕುಗಳು ಅಗಲವಾದಂತೆ ನಡುವೆ ಉಳಿದ ಕಲ್ಲು ಗೋಡೆಗಳಾಗಿ ನಿಂತಿತು. ನೀರು ಆ ಗೋಡೆಗಳೊಳಗೆ ಇಳಿದು ಮರಳಿನ ಕಣಗಳನ್ನು ಹಿಡಿದಿಟ್ಟ ಅಂಟನ್ನು ಕರಗಿಸುತ್ತದೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗಿ ಚಕ್ಕೆಗಳನ್ನು ಎಬ್ಬಿಸುತ್ತದೆ. ಹೀಗೆ ತೂತಾಗಿ ಕಮಾನಾಗುತ್ತದೆ. ಗಾಳಿ ಕೊರೆದು ಮಾಡಿದ್ದೆಂದು ನಾವು ತಿಳಿದಿದ್ದೆವು. ಆದರೆ ಗಾಳಿಯ ಪಾಲು ಸಡಿಲವಾದ ಮರಳನ್ನು ಗುಡಿಸುವಷ್ಟೇ. ವರ್ಷಕ್ಕೆ 20-25 ಸೆಂಟಿಮೀಟರು ಮಳೆಯಾಗುವ ಸೀಮೆ ಅದು. ಬರದ ನಾಡೆನ್ನುವ ನಮ್ಮ ಬಾಗಲಕೋಟೆ, ವಿಜಯಪುರಗಳಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಬೀಳುತ್ತದೆ. ಅಂಥ ನೆಲದಲ್ಲಿಯೂ ನೀರೇ ಶಿಲ್ಪಿ ಎಂದು ಕೇಳಿ ನಾವು ಬೆರಗಾದೆವು. ನೀರಿನ ಮಹಿಮೆಯನ್ನು ಹೀಗೆ ಕೇಳುತ್ತಿದ್ದರೂ ಕೈಯಲ್ಲಿದ್ದ ನೀರನ್ನು ಕುಡಿಯಲಿಲ್ಲ.

ಇದಕ್ಕೆ ಉಪವಾಸದ ಹೆಮ್ಮೆಯೊಂದೇ ಕಾರಣವಲ್ಲ. ನಮ್ಮ ವಯಸ್ಸಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರಯಾಣದಲ್ಲಿ ಮೂತ್ರಕ್ಕೆ ಹೋಗುವ ತೊಂದರೆ ಬೇಡವೆಂದು ಬೆಳಗಿನಿಂದಲೇ ನೀರನ್ನು ಕಡಿಮೆ ಮಾಡುವುದು ನಮಗೆ ರೂಢಿ. ಅದರ ಮೇಲೆ ನಾವು ನುಂಗುತ್ತಿದ್ದ ರಕ್ತದೊತ್ತಡದ ಮಾತ್ರೆ ದೇಹದ ನೀರನ್ನು ಹೊರಹಾಕುವ ಗುಣದ್ದು. ಒಣಹವೆಯಲ್ಲಿ ಬೆವರು ಹುಟ್ಟುತ್ತಲೇ ಆರಿಹೋಗುತ್ತದೆ. ಮೈ ಒದ್ದೆಯಾಗದ ಕಾರಣ ಬೆವರುತ್ತಿದ್ದೇವೆಂಬುದೇ ತಿಳಿಯುವುದಿಲ್ಲ. ನಾವೋ, ಅಂಗಿ ಒಣಗಿದೆಯಲ್ಲ, ಬಿಸಿಲು ನಮಗೆ ತಾಗಿಲ್ಲ ಎಂದುಕೊಂಡೆವು.

ಬೋಳುಬಂಡೆಯ ಮೇಲ್ಭಾಗಕ್ಕೆ ಬರುವಷ್ಟರಲ್ಲಿ ತಲೆ ಸಿಡಿಯತೊಡಗಿತು. ಮೀನಖಂಡ ಸೆಟೆದುಕೊಂಡಿತು. ಹೊಟ್ಟೆ ತೊಳಸಿತು. ಎದುರಿಗಿದ್ದ ಕಲ್ಲುಗುಪ್ಪೆ ಎರಡಾಗಿ ಕಂಡಿತು. ಆಗಲೂ ನಾವು ಬಾಯಿ ಬಿಡಲಿಲ್ಲ. ಮಗ, ಸೊಸೆ, ಏಳು ವರ್ಷದ ಮೊಮ್ಮಗಳು, ನಮ್ಮ ಮನೆಯವರು ಎಲ್ಲರೂ ಹತ್ತು ಹೆಜ್ಜೆ ಮುಂದಿದ್ದರು. ಮೊಮ್ಮಗನೊಬ್ಬನೇ ಬೆಳಗಿನಿಂದ ಮಾತಿಲ್ಲದೆ ನಮ್ಮ ಹಿಂದೆ ಹಿಂದೆ ಬರುತ್ತಿದ್ದನು. ಕಾಲು ತಡವರಿಸಿದಾಗ ಅವನು ಓಡಿಬಂದು ನಮ್ಮ ಕೈ ಹಿಡಿದು, “ಅಪ್ಪಾ! ಅಜ್ಜ ಬೀಳ್ತಾರ!” ಎಂದು ಕೂಗಿದ. ಬೆಳಿಗ್ಗೆ ನಾವು ಗದರಿದ ಅದೇ ದನಿ.

ಹತ್ತಿರದ ಬಂಡೆಯೊಂದರ ಬುಡದಲ್ಲಿ ಮೊಳಕಾಲುದ್ದದ ನೆರಳಿತ್ತು. ಅಲ್ಲಿ ಕುಳ್ಳಿರಿಸಿದರು. ಮಗ ಅಂಗಿಯ ಗುಂಡಿ ಬಿಚ್ಚಿ, ಟವೆಲು ನೆನೆಸಿ ಕತ್ತಿಗೂ ನೆತ್ತಿಗೂ ಹಾಕಿದನು. ಸೊಸೆ ಓ.ಆರ್.ಎಸ್. ಪುಡಿಯನ್ನು ನೀರಿಗೆ ಬೆರೆಸಿ ಗುಟುಕು ಗುಟುಕಾಗಿ ಕುಡಿಸಿದಳು. ನಮ್ಮ ಮನೆಯವರು ಸೆರಗಿನಿಂದ ಗಾಳಿ ಹಾಕುತ್ತ, ಚೀಲದಿಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತೆಗೆದು, “ಏನ್ರಿ, ಉಪ್ಪು ಹೊಟ್ಟಿಗೆ ಬೀಳಬೇಕಂತ, ಒಂದ್ ತುತ್ತು ತಿನ್ರಿ” ಎಂದರು. ಅರ್ಧ ತಾಸಿನಲ್ಲಿ ಕಣ್ಣು ತಿಳಿಯಾಯಿತು. ಮಾತು ತೊದಲಿದ್ದರೆ, ಎಚ್ಚರ ತಪ್ಪಿದ್ದರೆ ಸ್ಥಿತಿ ಬೇರೆಯಾಗುತ್ತಿತ್ತೆಂದೂ, ಆಗ ಗಳಿಗೆ ತಡಮಾಡದೆ ವೈದ್ಯರ ನೆರವು ಪಡೆಯಬೇಕಾಗುತ್ತಿತ್ತೆಂದೂ ಮಗ ಆಮೇಲೆ ಹೇಳಿದನು.

ಆಗ ಮೊಮ್ಮಗ ನಮ್ಮ ಬಾಟಲಿಯನ್ನು ಎತ್ತಿ ಬಿಸಿಲಿಗೆ ಹಿಡಿದು ನೋಡಿದ. ಕೊಟ್ಟಾಗ ಇದ್ದಷ್ಟೇ ನೀರಿತ್ತು. ಅವನ ಕಣ್ಣು ತುಂಬಿಬಂದವು. “ನೀವು ಕುಡೀಲಾರದ್ದು ನಾ ಆಗಲೇ ನೋಡಿದ್ದೆ ಅಜ್ಜಾ. ಮತ್ತ ಬೈತೀರಂತ ಹೇಳಲಿಲ್ಲ.”

ನಮಗೆ ಉತ್ತರ ಹೊಳೆಯಲಿಲ್ಲ. ಅನುಭವಮಂಟಪದಲ್ಲಿ ಯಾರು ಬೇಕಾದರೂ ಎದ್ದು ಮಾತನಾಡಬಹುದಾಗಿತ್ತೆಂದು ನಾವು ಎಷ್ಟು ವೇದಿಕೆಗಳಲ್ಲಿ ಹೇಳಿಲ್ಲ! ಚೆನ್ನಬಸವಣ್ಣನವರು ವಯಸ್ಸಿನಲ್ಲಿ ಕಿರಿಯರಾದರೂ ಹಿರಿಯ ಶರಣರು ಅವರ ಅರಿವಿಗೆ ತಲೆದೂಗಿದರೆಂದು ಎಷ್ಟು ಸಲ ಬರೆದಿಲ್ಲ! ನಮ್ಮ ಮನೆಯ ಕಿರಿಯನು ಹಿಂದಿನಿಂದ ನಮ್ಮನ್ನು ಕಾಯುತ್ತ ಬಂದಿದ್ದನು. ಆದರೆ ಅವನ ಬಾಯಿಗೆ ನಾವೇ ಬೀಗ ಹಾಕಿದ್ದೆವು. ಅವನ ಬಾಯಿ ಮುಚ್ಚಿಸಿದ್ದು ನಮ್ಮ ಕಣ್ಣನ್ನೇ ಮುಚ್ಚಿಕೊಂಡಂತಾಗಿತ್ತು. ಅವನ ಕೈ ಹಿಡಿದು, “ತಪ್ಪಾತಪ್ಪಾ. ಮುಂಜಾನೆ ನೀ ಹೇಳಿದ್ದೂ ಖರೆ ಇತ್ತು. ಇನ್ನ ಮ್ಯಾಲೆ ಕಂಡದ್ದನ್ನ ಹೇಳು” ಎಂದೆವು. ಮೊಮ್ಮಗನ ಮುಂದೆ ತಪ್ಪೊಪ್ಪಿಕೊಂಡದ್ದು ಅದೇ ಮೊದಲು. ನಾಲಿಗೆ ಒಣಗಿದ್ದುದಕ್ಕಿಂತ ಆ ಮಾತು ಹೊರಡಿಸುವುದು ಹೆಚ್ಚು ಕಷ್ಟವಾಯಿತು.

ನೆರಳಿನಲ್ಲಿ ಕುಳಿತಾಗ ಅವನಿಗೆ ಮಾತು ಮರಳಿತು. ಅದೇ ಉದ್ಯಾನದಲ್ಲಿ ಲ್ಯಾಂಡ್‌ಸ್ಕೇಪ್ ಆರ್ಚ್ ಎಂಬ, ಸುಮಾರು 300 ಅಡಿ ಉದ್ದಕ್ಕೆ ಚಾಚಿದ ತೆಳುವಾದ ಕಮಾನಿದೆಯಂತೆ. 1991ರ ಸೆಪ್ಟೆಂಬರಿನಲ್ಲಿ ಅದರ ಕೆಳಗೆ ಕೆಲವರು ವಿಶ್ರಮಿಸುತ್ತಿದ್ದಾಗ ಮೇಲಿನಿಂದ ಚಟಚಟ ಸದ್ದು ಕೇಳಿತು. ಅವರು ಎದ್ದು ಓಡಿದರು. ಹಿಂದೆಯೇ 60 ಅಡಿ ಉದ್ದದ ಚಪ್ಪಡಿ ಕಳಚಿಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. 2008ರ ಆಗಸ್ಟಿನಲ್ಲಿ ವಾಲ್ ಆರ್ಚ್ ಎಂಬ ಇನ್ನೊಂದು ಕಮಾನು ರಾತ್ರಿಯ ವೇಳೆ ಇಡಿಯಾಗಿ ಕುಸಿಯಿತು. ಕಲ್ಲು ಕೂಡ ಬೀಳುವ ಮುನ್ನ ಕೆಲವೊಮ್ಮೆ ದನಿ ಮಾಡುತ್ತದೆ. ಸಣ್ಣ ಸದ್ದಿಗೆ ಕಿವಿಗೊಟ್ಟವರು ಉಳಿದರು. ಆ ಕಥೆಯನ್ನು ಅವನು ನಮಗೆ ಬುದ್ಧಿ ಹೇಳಲೆಂದು ಹೇಳಲಿಲ್ಲ. ಆದರೂ ಅದು ತಾಗಬೇಕಾದಲ್ಲಿ ತಾಗಿತು.

ಮುಂದೇನು ಎಂಬ ಪ್ರಶ್ನೆ ಬಂತು. ಕಮಾನು ಇನ್ನು ಅರ್ಧ ಮೈಲಿಯಷ್ಟೂ ಇರಲಿಲ್ಲ. ಆದರೆ ಕೊನೆಯ 200 ಗಜ ಬಂಡೆಯ ಅಂಚಿನ ದಾರಿ, ಒಂದು ಮಗ್ಗುಲಿಗೆ ಪ್ರಪಾತ. ನಮ್ಮ ಹಟ ಪೂರ್ತಿ ಸತ್ತಿರಲಿಲ್ಲ. “ಮೆಲ್ಲಗೆ ಬರತೀವಿ” ಎಂದೆವು. ಮಗ ಮಕ್ಕಳನ್ನಷ್ಟೇ ಕರೆದೊಯ್ದು ತೋರಿಸಿ ಬರುವೆನೆಂದನು. ಆ ಕಮಾನಿಗಾಗಿ ಮೊಮ್ಮಗ ಎರಡು ವರ್ಷದಿಂದ ಕಾದಿದ್ದನು. ಅವನು ಮೇಲಕ್ಕೊಮ್ಮೆ, ನಮ್ಮ ಕಡೆಗೊಮ್ಮೆ ನೋಡಿ ಹೇಳಿದ: “ಅದು ಇವತ್ತ ಬೀಳೂದಿಲ್ಲ ಅಜ್ಜಾ. ಇನ್ನೊಮ್ಮೆ ಬರೂಣು. ಇಳೀಲಿಕ್ಕೂ ನೀರು ಬೇಕು.”

ಆರೂ ಜನ ಹಿಂದಿರುಗಿದೆವು. ಈ ಸಲ ಮೊಮ್ಮಗ ಮುಂದೆ, ನಾವು ಅವನ ಹೆಗಲ ಮೇಲೆ ಕೈಯಿಟ್ಟು ಹಿಂದೆ. ತಲೆಯ ಮೇಲೆ ಅವನ ಅಪ್ಪನ ಟೊಪ್ಪಿಗೆ. ಹತ್ತು ನಿಮಿಷಕ್ಕೊಮ್ಮೆ ಅವನು ನಿಂತು, “ನೀರು” ಎನ್ನುವನು, ನಾವು ಕುಡಿಯುವೆವು. ಕೆಳಗೆ ವುಲ್ಫನ ಗುಡಿಸಲಿನ ಮುಂದೆ ಮತ್ತೆ ನಿಂತಾಗ ಆ ಮುದುಕನ ಬಗ್ಗೆ ನಮಗೆ ಗೌರವ ಹುಟ್ಟಿತು. ಯುದ್ಧ ಕಂಡವನು, ಕಾಡಿನಲ್ಲಿ ವರ್ಷಗಟ್ಟಲೆ ಬದುಕಿದವನು. ಆದರೂ ಮಗಳು ‘ಹೀಗಿರಬಾರದು ಅಪ್ಪ’ ಎಂದಾಗ ಕೇಳಿದನು. ಅವನು ಕೇಳಿದ್ದರಿಂದಲೇ ಆ ಮನೆ ಅಲ್ಲಿ ನಿಂತಿದೆ.

ಸಂಜೆ ಬಿಸಿಲು ಇಳಿದ ಮೇಲೆ ಕಾರಿನಲ್ಲಿಯೇ ಇನ್ನೂ ಸ್ವಲ್ಪ ಮುಂದಿರುವ ವೀಕ್ಷಣಸ್ಥಳಕ್ಕೆ ಹೋದೆವು. ಅಲ್ಲಿ ನೂರು ಹೆಜ್ಜೆ ಸಮತಟ್ಟಾದ ದಾರಿ ನಡೆದರೆ, ಸುಮಾರು ಒಂದು ಮೈಲಿ ದೂರದ ಬಂಡೆಯ ನೆತ್ತಿಯ ಮೇಲೆ ಡೆಲಿಕೇಟ್ ಆರ್ಚ್ ಕಾಣಿಸುತ್ತದೆ. ಒಳಗೆ 46 ಅಡಿ ಎತ್ತರ, 32 ಅಡಿ ಅಗಲವಿರುವ ಆ ಕಮಾನು ಅಷ್ಟು ದೂರದಿಂದ ಒಡೆದ ಬಳೆಯ ಚೂರಿನಷ್ಟು ಚಿಕ್ಕದು. ಇಳಿಬಿಸಿಲಿಗೆ ಕೆಂಡದಂತೆ ಹೊಳೆಯುತ್ತಿತ್ತು. ಮೊಮ್ಮಗಳು, “ಇಷ್ಟ ಸಣ್ಣದ?” ಎಂದು ನಿರಾಶೆಯಿಂದ ಕೇಳಿದಳು. ಅವಳಣ್ಣ, “ಹತ್ರ ಹೋದ್ರ ದೊಡ್ಡದು. ಮುಂದಿನ ಸಲ ಮುಂಜಾನೆ ಆರಕ್ಕ ಹೊರಡೂದು, ಅಲ್ಲಾ ಅಜ್ಜಾ?” ಎಂದ. “ನೀ ಹೇಳಿದಾಗ” ಎಂದೆವು.

2023ರ ಡಿಸೆಂಬರಿನಲ್ಲಿ ಅವರೆಲ್ಲ ನಮ್ಮ ಊರಿಗೆ ಬಂದಿದ್ದರು. ಬಾದಾಮಿಯ ಸಮೀಪದಲ್ಲಿ ಸಿಡ್ಲಫಡಿ ಎಂಬ ನೈಸರ್ಗಿಕ ಕಲ್ಲುಕಮಾನು ಇದೆ; ಸಿಡಿಲು ಬಡಿದು ಬಂಡೆ ತೂತಾಯಿತೆಂದು ಜನ ಹೇಳುತ್ತಾರೆ. ಆದಿಮಾನವರು ಬರೆದ ಚಿತ್ರಗಳೂ ಅಲ್ಲಿವೆ. ಮೊಮ್ಮಕ್ಕಳನ್ನು ಅಲ್ಲಿಗೆ ಕರೆದೊಯ್ದೆವು. ನಸುಕಿನಲ್ಲಿಯೇ ಹೊರಟೆವು. ಹೊಸ್ತಿಲು ದಾಟುವ ಮೊದಲು ಮೊಮ್ಮಗ ಎಲ್ಲರ ಬಾಟಲಿಗಳನ್ನೂ ಎತ್ತಿ ನೋಡಿದ. ಮನೆಗೆ ಬಂದಿದ್ದ ನೆಂಟರೊಬ್ಬರು, “ಹುಡುಗ ಭಾಳ ಮಾತಾಡತಾನಲ್ಲ” ಎಂದರು. ನಾವು, “ಮಾತಾಡ್ಲಿರಿ, ಅದರಿಂದಲೇ ನಾವು ಇಲ್ಲಿ ಕೂತೀವಿ” ಎಂದೆವು.

ವಾಚಕ ಬಂಧುಗಳಲ್ಲಿ ನಮ್ಮ ವಿನಂತಿ ಎರಡೇ. ಹಿರಿಯರು ಮಕ್ಕಳೊಡನೆ ಬೆಟ್ಟಕ್ಕೋ ಯಾತ್ರೆಗೋ ಹೊರಟಾಗ ಬೇಗನೆ ಹೊರಡಿರಿ, ತಲೆಗೆ ಬಟ್ಟೆ ಇರಲಿ, ಸಂಕೋಚಕ್ಕಾಗಿ ನೀರನ್ನು ಬಿಡಬೇಡಿರಿ, ತಲೆ ಸುತ್ತಿದೊಡನೆ ಬಾಯಿ ಬಿಟ್ಟು ಹೇಳಿರಿ. ಇದು ಮೊದಲನೆಯದು. ಎರಡನೆಯದು, ಮಕ್ಕಳಿಗೆ ವಿನಯವನ್ನು ಅವಶ್ಯವಾಗಿ ಕಲಿಸಿರಿ. ಆದರೆ ಹಿರಿಯರು ತಪ್ಪು ಹೆಜ್ಜೆ ಇಡುವಾಗ ‘ನಿಲ್ಲಿ’ ಎಂದು ಕೂಗುವ ಧೈರ್ಯವನ್ನು ಅವರಿಂದ ಕಸಿದುಕೊಳ್ಳಬೇಡಿರಿ. ಆ ಕೂಗು ಎಂದಾದರೊಂದು ದಿನ ನಮ್ಮ ಜೀವ ಉಳಿಸಲಿಕ್ಕೇ ಬೇಕಾಗುತ್ತದೆ.